ಬಿಗಿ ಮುಚ್ಚಳ

ಭಾನುವಾರ ಬೆಳಿಗ್ಗೆ ಏಳೂ ಕಾಲಿಗೆ ವಿಮಾನದ ಎಂಜಿನ್ ಮತ್ತೆ ಕೆಮ್ಮಿತು. ಆಗ ಅದನ್ನು ಹಾರಿಸುತ್ತಿದ್ದವನು ಅದನ್ನು ಕಟ್ಟಿದವನೇ.

ಹೊರಟು ಹತ್ತು ನಿಮಿಷವಾಗಿರಬಹುದು. ಎಂಜಿನ್ ಒಮ್ಮೆ ಕೆಮ್ಮಿ, ಸುಧಾರಿಸಿಕೊಂಡು, ಮತ್ತೆ ಕೆಮ್ಮಿತು. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಡುಗಿ ಕೆಳಗೆ ಬಿತ್ತು. ಅವನು ಥ್ರಾಟಲ್ ಹಿಂದಕ್ಕೆಳೆದು, ಮೂಗು ತಗ್ಗಿಸಿ, ಹೊರಟ ಮೈದಾನದ ಕಡೆ ತಿರುಗಿಸಿದ. ವಿಮಾನ ನೆಲಕ್ಕೆ ತಾಗಿ ಪುಟಿದು, ಇನ್ನೊಮ್ಮೆ ತಾಗಿ ನಿಂತಿತು. ಶೆಡ್ಡಿನವರೆಗೂ ಎಂಜಿನ್ ಏನೂ ಆಗಿಲ್ಲವೆಂಬಂತೆ ಗುರುಗುಟ್ಟುತ್ತಲೇ ಬಂತು.

ಶೆಡ್ಡಿನ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಅವಳ ತಮ್ಮ, ಎರಡೂ ಕೈ ಜೇಬಿನಲ್ಲಿ.

"ಮತ್ತೆ ಕೆಮ್ಮಾ, ಭಾವ?"

"ಕೇಳಿಸಲಿಲ್ವಾ?"

"ಕೇಳಿಸ್ತು. ಇಳಿಸಿದ್ದೂ ಕೇಳಿಸ್ತು."

ಅಕ್ಕ ತಮ್ಮನ ತೋಳಿಗೆ ಒಂದು ಏಟು ಕೊಟ್ಟಳು. ಆದರೆ ನಗುತ್ತಲೇ ಕೊಟ್ಟಳು. ಅದನ್ನು ಗಂಡ ನೋಡಿದ.

ಅವನ ಕಸುಬು ಹಲ್ಲಿನ ಸೆಟ್ ಮಾಡುವುದು. ಊರಿನ ದಂತವೈದ್ಯರು ಬಾಯಿಯ ಅಚ್ಚು ತೆಗೆದು ಅವನಿಗೆ ಕಳಿಸುತ್ತಿದ್ದರು. ಅವನು ಹಲ್ಲು ಕೂರಿಸಿ, ತಿಕ್ಕಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಿದ್ದ. ಆದ್ದರಿಂದ ಮೈದಾನದಲ್ಲಿ ಅವನಿಗೆ ಸೆಟ್ ಮೇಸ್ತ್ರಿ ಎಂದು ಹೆಸರು. ಭಾಮೈದ ಕಾರು ಕಲಿಸುವ ಶಾಲೆ ನಡೆಸುತ್ತಿದ್ದ. ವಿಮಾನ ಹಾರಿಸುವ ಪರವಾನಗಿಯನ್ನು ಭಾವನಿಗಿಂತ ಮೊದಲೇ ಪಡೆದಿದ್ದ. ವಿಮಾನ ಕಟ್ಟುವಾಗ ಬಂದು ಹಲಗೆ ಹಿಡಿದುಕೊಂಡಿದ್ದ, ಹಾಡು ಹೇಳಿದ್ದ, ಒಂದು ಸಲ ಅಂಟಿನ ಡಬ್ಬಿಯ ಮೇಲೆ ಕೂತಿದ್ದ. ಅದರಾಚೆಗೆ ಅವನು ಮಾಡಿದ್ದೇನೂ ಮೇಸ್ತ್ರಿಗೆ ನೆನಪಿರಲಿಲ್ಲ.

ಹತ್ತು ಗಂಟೆಗೆ ಭಾಮೈದ ಅದೇ ವಿಮಾನ ತೆಗೆದುಕೊಂಡು ಹೊರಟ. ಅಷ್ಟರೊಳಗೆ ಮೇಸ್ತ್ರಿ ಪ್ಲಗ್ಗುಗಳನ್ನು ಬಿಚ್ಚಿ, ನೋಡಿ, ಒರೆಸಿ, ಮತ್ತೆ ಹಾಕಿದ್ದ. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಭಾಮೈದ ಸ್ಟೂಲ್ ಹತ್ತಿ, ರೆಕ್ಕೆಯ ಮೇಲಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು, ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದ. ಆಮೇಲೆ ಮುಚ್ಚಳವನ್ನು ಸಕ್ಕರೆ ಡಬ್ಬಿ ಮುಚ್ಚುವಂತೆ ಒಂದು ತಿರುವು ಕೊಟ್ಟು ಬಿಟ್ಟ. ಅದು ಅವನ ಪದ್ಧತಿ. ಒಂದು ಗಂಟೆ ಹಾರಾಡಿ ಬಂದ. ಎಂಜಿನ್ ಕೆಮ್ಮುವುದಿರಲಿ, ಸೀನಲೂ ಇಲ್ಲ.

"ಚಿನ್ನದಂಥ ಎಂಜಿನ್ ಭಾವ," ಎಂದ ಇಳಿದು. "ನಿಮ್ಮ ಕೈಯಲ್ಲೇ ಯಾಕೋ ರಾಗ ತೆಗೆಯುತ್ತೆ."

ಅಪ್ಪನ ತೋಳಿನಲ್ಲಿ ಕಿರುಚುವ ಮಗು ಸೋದರಮಾವನ ಸೊಂಟಕ್ಕೆ ಬಂದಕೂಡಲೇ ಸುಮ್ಮನಾದರೆ ಅಪ್ಪ ಏನು ಮಾಡಬೇಕು? ಎಲ್ಲರ ಜೊತೆ ನಗಬೇಕು. ಮೇಸ್ತ್ರಿ ನಕ್ಕ.

ಅಕ್ಕ ತಮ್ಮ ಇಬ್ಬರೂ ಮನೆಗೆ ಹೊರಟ ಮೇಲೆ ಮೇಸ್ತ್ರಿ ಶೆಡ್ಡಿನಲ್ಲೇ ಉಳಿದ. ಭಾಮೈದ ಹಾರಿಸಿದ ಪ್ರತಿ ಸಲವೂ ಉಳಿಯುತ್ತಿದ್ದ. ಮೊದಲು ಸೀಟನ್ನು ಮುಂದಕ್ಕೆ ತಳ್ಳಿ ತನ್ನ ಕಾಲಳತೆಗೆ ತರುತ್ತಿದ್ದ. ಆಮೇಲೆ ಕಿವಿಗೆ ಹಾಕುವ ಹೆಡ್‌ಫೋನಿನ ಮೆತ್ತೆಯನ್ನು ಒರೆಸುತ್ತಿದ್ದ. ಅದಕ್ಕೆ ಭಾಮೈದನ ತಲೆಯೆಣ್ಣೆಯ ವಾಸನೆ ಹತ್ತಿರುತ್ತಿತ್ತು. ಆಮೇಲೆ ಬಾಗಿಲ ಹಿಡಿ, ಎಂಜಿನ್ನಿನ ತಗಡಿನ ಮುಸುಕು, ಕೊನೆಗೆ ಟ್ಯಾಂಕಿನ ಮುಚ್ಚಳ. ಮುಚ್ಚಳದ ಹಿಂದೆ ರೆಕ್ಕೆಯ ಬಿಳಿ ಬಟ್ಟೆಯ ಮೇಲೆ ಪೆಟ್ರೋಲಿನ ತೆಳು ಹಳದಿ ಕಲೆ ಇರುತ್ತಿತ್ತು. ಸಡಿಲ ಬಿಟ್ಟ ಮುಚ್ಚಳದ ಸಂದಿಯಿಂದ ಹಾರಾಟದಲ್ಲಿ ಗಾಳಿ ಹೀರಿ ತೆಗೆದ ಪೆಟ್ರೋಲು ಅದು. ತಾನು ಹಾರಿಸಿದಾಗ ಆ ಕಲೆ ಇರುವುದಿಲ್ಲ ಎಂಬುದನ್ನು ಮೇಸ್ತ್ರಿ ಗಮನಿಸಿದ್ದ. ಇದ್ದುದರಲ್ಲಿ ಅವನಿಗೆ ಹೇಳಿಕೊಳ್ಳಲು ಸಿಕ್ಕ ಒಂದೇ ವಿಷಯ ಅದು.

ಕಲೆಯನ್ನು ಸಾಬೂನು ನೀರಿನಿಂದ ತೆಗೆದ. ಮುಚ್ಚಳಕ್ಕೆ ತನ್ನ ಕಾರ್ಯಾಗಾರದ ಹೊಳಪಿನ ಲೇಪ ಹಚ್ಚಿದ. ಹಲ್ಲಿನ ಸೆಟ್ಟಿಗೆ ಕೊನೆಯಲ್ಲಿ ಹಚ್ಚಿ ತಿಕ್ಕುವ ಬಿಳಿ ಲೇಪ ಅದು. ಮುಚ್ಚಳ ಕನ್ನಡಿಯಾಗುವವರೆಗೆ ತಿಕ್ಕಿ, ಅಂಗೈ ಕೆಂಪಗಾಗುವಷ್ಟು ಬಿಗಿದು, ಶೆಡ್ಡಿಗೆ ಬೀಗ ಹಾಕಿದ.

ವಿಮಾನ ಇಬ್ಬರು ಅಕ್ಕಪಕ್ಕ ಕೂರುವಂಥದ್ದು. ಮರದ ಎಲುಬು, ಬಟ್ಟೆಯ ಚರ್ಮ. ರೆಕ್ಕೆ ಮೇಲ್ಗಡೆ, ಟ್ಯಾಂಕು ರೆಕ್ಕೆಯ ನಡುವೆ, ತಲೆಯ ಮೇಲೆ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳಲು ಪಂಪು ಇರಲಿಲ್ಲ. ಮನೆಯ ಮೇಲಿನ ನೀರಿನ ತೊಟ್ಟಿಯಿಂದ ನಲ್ಲಿಗೆ ಇಳಿಯುವಂತೆ ತಾನೇ ಇಳಿಯುತ್ತಿತ್ತು. ಕಟ್ಟಲು ಎಂಟು ವರ್ಷ ಹಿಡಿಯಿತು. ಎರಡು ವರ್ಷ ಎಡರೆಕ್ಕೆ ಮಲಗುವ ಕೋಣೆಯ ಗೋಡೆಗೆ ಒರಗಿತ್ತು. ಹೆಂಡತಿ ಅದರ ಅಡಿಯಲ್ಲಿ ತಲೆ ಬಾಗಿಸಿಕೊಂಡೇ ಬಟ್ಟೆಯ ಬೀರು ತೆಗೆಯುತ್ತಿದ್ದಳು.

ರೆಕ್ಕೆಯ ಬಟ್ಟೆ ಹೊಲಿದವಳು ಅವಳೇ. ಶಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಯುವುದು ಅವಳ ಉದ್ಯೋಗ. ರೆಕ್ಕೆಯನ್ನು ನಿಲ್ಲಿಸಿ, ಒಂದು ಬದಿಯಲ್ಲಿ ಅವಳು, ಇನ್ನೊಂದು ಬದಿಯಲ್ಲಿ ಅವನು ಕೂತು, ಉದ್ದನೆಯ ಸೂಜಿಯನ್ನು ಬಟ್ಟೆಯ ಮೂಲಕ ಆಚೆಗೊಮ್ಮೆ ಈಚೆಗೊಮ್ಮೆ ದಾಟಿಸುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. "ಎಳೀರಿ" ಎಂದು ಅವಳು, "ಹ್ಞೂಂ" ಎಂದು ಅವನು. ಆ ದಿನಗಳಲ್ಲೇ ಅವನು ಮಾತು ಕೊಟ್ಟಿದ್ದ: ಇದರ ಪಕ್ಕದ ಸೀಟಿನಲ್ಲಿ ಮೊದಲು ಕೂರುವವಳು ನೀನೇ, ಹಾರಿಸುವವನು ನಾನೇ.

ಆದರೆ ಕೆಮ್ಮುವ ಎಂಜಿನ್ನಿನ ಮುಂದೆ ಹೆಂಡತಿಯನ್ನು ಕೂರಿಸುವುದು ಹೇಗೆ?

ಆ ವಾರ ಅವನು ಕಸುಬನ್ನು ಬದಿಗಿಟ್ಟ. ಮೂರು ಬಾಯಿಗಳು ಹಲ್ಲಿಲ್ಲದೆ ಕಾದವು. ಕಾರ್ಬುರೇಟರ್ ಬಿಚ್ಚಿ ತಂದು, ಹಲ್ಲಿನ ಅಚ್ಚುಗಳ ನಡುವೆ ಮೇಜಿನ ಮೇಲಿಟ್ಟು, ಅದರ ಪ್ರತಿ ರಂಧ್ರಕ್ಕೂ ಗಾಳಿ ಊದಿದ. ಒಳಗಿನ ತೇಲುಗುಂಡನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ನೋಡಿದ, ಬರಲಿಲ್ಲ. ಪೆಟ್ರೋಲಿನ ಜಾಲರಿ ತೊಳೆದ, ಕಸ ಇರಲಿಲ್ಲ. ರಬ್ಬರ್ ಕೊಳವೆಯನ್ನು ಹೊಸದಾಗಿ ಹಾಕಿದ. ಕಿಡಿ ಕೊಡುವ ಮ್ಯಾಗ್ನೆಟೊದ ತಂತಿಗಳನ್ನು ಒಂದೊಂದಾಗಿ ಪರೀಕ್ಷಿಸಿದ. ಎಂಜಿನ್ನನ್ನು ನೆಲದ ಮೇಲೆ ಐದು ನಿಮಿಷ ಓಡಿಸಿದಾಗ ಅದು ತಪ್ಪದೆ ಓಡಿತು. ಯಾವ ಹಲ್ಲು ನೋಯುತ್ತದೋ ಆ ಹಲ್ಲನ್ನು ನೋಡಬೇಕು ಎನ್ನುವುದು ಅವನು ಕಲಿತ ಕ್ರಮ. ನೋಯುತ್ತಿದ್ದದ್ದು ಎಂಜಿನ್. ಆದ್ದರಿಂದ ಅವನು ಎಂಜಿನ್ನನ್ನು ಬಿಟ್ಟು ಮೇಲಕ್ಕೆ ಹೋಗಲಿಲ್ಲ.

ಗುರುವಾರ ಸಂಜೆ ಹೆಂಡತಿ ಚಹಾ ತಂದಿಟ್ಟು, ಅಚ್ಚುಗಳನ್ನು ಸರಿಸಿ ಮೇಜಿನ ಅಂಚಿನಲ್ಲಿ ಕೂತಳು.

"ಸಿಕ್ತಾ?"

"ಸಿಕ್ಕಿದ್ರೆ ಹೀಗೆ ಕೂತಿರ್ತಿದ್ನಾ?"

"ನನ್ನ ಮೇಲೆ ಯಾಕೆ ರೇಗ್ತೀರಿ? ನಾನೇನು ಕೆಮ್ಮಿದ್ನಾ?" ಅವಳು ತೇಲುಗುಂಡನ್ನು ಎತ್ತಿ ನೋಡಿ ಇಟ್ಟಳು. "ನೋಡಿ, ಒಂದು ಮಾತು. ಈ ಭಾನುವಾರ ನಾನು ಅವನ ಜೊತೆ ಹೋಗಿ ಬರ್ತೀನಿ."

"ಯಾರ ಜೊತೆ?"

"ಇನ್ಯಾರ ಜೊತೆ? ನನ್ನ ತಮ್ಮನ ಜೊತೆ. ಆ ರೆಕ್ಕೆ ಹೊಲಿದು ನನ್ನ ಬೆರಳು ಇವತ್ತಿಗೂ ಚಳಿಗಾಲದಲ್ಲಿ ಸೆಟೆದುಕೊಳ್ಳುತ್ತೆ. ಅದು ಮೇಲೆ ಹೋದಾಗ ಹೇಗಿರುತ್ತೆ ಅಂತ ನಾನೂ ಒಂದ್ಸಲ ನೋಡ್ಬೇಡ್ವಾ? ಯಾರು ಹಾರಿಸಿದ್ರೇನು?"

"ಸರಿ," ಎಂದ ಅವನು. "ಯಾರು ಹಾರಿಸಿದ್ರೇನು."

"ಮುಖ ನೋಡಿ, ಮುಖ! ಸ್ವಂತ ಭಾಮೈದನ ಮೇಲೆ ಇಷ್ಟು ಹೊಟ್ಟೆಕಿಚ್ಚಾ?"

"ಹೊಟ್ಟೆಕಿಚ್ಚಲ್ಲ. ಅವನು ಮುಚ್ಚಳ ಸರಿಯಾಗಿ ಹಾಕಲ್ಲ."

ಅವಳು ನಕ್ಕುಬಿಟ್ಟಳು. "ಚಿಕ್ಕವನಿದ್ದಾಗ್ಲೂ ಹಾಕ್ತಿರ್ಲಿಲ್ಲ. ನಮ್ಮಮ್ಮ ಬೈದೂ ಬೈದೂ ಸಾಕಾದ್ಲು."

ಚಹಾ ಆರಿತು. ಆ ರಾತ್ರಿ ಅವನು ಕಾರ್ಬುರೇಟರನ್ನು ಮತ್ತೊಮ್ಮೆ ಬಿಚ್ಚಿ ಜೋಡಿಸಿದ. ಏನಾದರೂ ಸಿಗಲಿ ಎಂದಲ್ಲ, ಕೈ ಸುಮ್ಮನಿರಲಿಲ್ಲ.

ಭಾನುವಾರ ಗಾಳಿ ಇರಲಿಲ್ಲ. ಮೈದಾನದ ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಂಬಕ್ಕೆ ಜೋತುಬಿದ್ದಿತ್ತು. ಮೈದಾನದ ರೇಡಿಯೊ ಕೋಣೆ ನೋಡಿಕೊಳ್ಳುವ ಅಜ್ಜ ಕಿಟಕಿಯಿಂದ ತಲೆ ಹೊರಹಾಕಿ ಭಾಮೈದನನ್ನು ಕೂಗಿದ, "ಏನಪ್ಪಾ ಮಾಸ್ಟ್ರೇ, ಇವತ್ತು ನಿನ್ನ ವಿಮಾನಕ್ಕೆ ಸವಾರಿ ಜೋರು!"

ನಿನ್ನ ವಿಮಾನ. ಮೇಸ್ತ್ರಿ ಪೆಟ್ರೋಲು ತುಂಬುತ್ತಿದ್ದವನು ತಲೆ ಎತ್ತಲಿಲ್ಲ. ಭಾಮೈದ ಯಾವಾಗಲೂ ಅರ್ಧ ಟ್ಯಾಂಕಿನಲ್ಲೇ ಹೊರಡುತ್ತಿದ್ದ. ಇವತ್ತು ಮೇಸ್ತ್ರಿ ಕಂಠಪೂರ್ತಿ ತುಂಬಿಸಿದ.

ಹೆಂಡತಿ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ತಮ್ಮ ಅವಳನ್ನು ಕೈಹಿಡಿದು ಹತ್ತಿಸಿದ, ಬೆಲ್ಟು ಹಾಕಿದ, ಹೆಡ್‌ಫೋನನ್ನು ಅವಳ ಕಿವಿಗೆ ಕೂರಿಸಿ ಏನೋ ಹೇಳಿದ. ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಗಾಜಿನ ಆಚೆಗಿನ ನಗು ಮೇಸ್ತ್ರಿಗೆ ಕಂಡಿತೇ ಹೊರತು ಕೇಳಿಸಲಿಲ್ಲ. ಭಾಮೈದ ಸ್ಟೂಲ್ ಹತ್ತಿ, ಇಣುಕಿ, "ಅಬ್ಬಾ, ಭಾವ ಇವತ್ತು ಊಟಕ್ಕೆ ಕರೆದವರ ಥರ ತುಂಬಿಸಿದ್ದಾರೆ" ಎಂದು ಮುಚ್ಚಳಕ್ಕೆ ತನ್ನ ಒಂದು ತಿರುವು ಕೊಟ್ಟು ಇಳಿದ. ಹೋಗಿ ತನ್ನ ಸೀಟಿನಲ್ಲಿ ಕೂತ.

ಇಲ್ಲಿಯವರೆಗೆ ಮೇಸ್ತ್ರಿ ಆ ಮುಚ್ಚಳವನ್ನು ಬಿಗಿ ಮಾಡಿದ್ದು ಭಾಮೈದ ಹಾರಿಸಿ ಬಂದ ಮೇಲೆಯೇ. ಹೊರಡುವ ಮೊದಲು ಅವನ ಹಿಂದೆ ಬಿದ್ದು ಸರಿಪಡಿಸುವುದು ಮರ್ಯಾದೆಯಲ್ಲ ಎಂದು ಸುಮ್ಮನಿರುತ್ತಿದ್ದ. ಇವತ್ತು ಒಳಗೆ ತನ್ನ ಹೆಂಡತಿ ಇದ್ದಾಳೆ. ಅವನು ಸ್ಟೂಲ್ ಹತ್ತಿದ. ಮುಚ್ಚಳದ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು. ಜೇಬಿನ ಬಟ್ಟೆ ತೆಗೆದು ಒರೆಸಿದ. ಆಮೇಲೆ ಅಂಗೈಯ ಪೂರ್ತಿ ಬಲ ಹಾಕಿ ತಿರುಗಿಸಿದ, ಇನ್ನು ತಿರುಗದು ಎನ್ನುವವರೆಗೆ.

"ಆಯ್ತಾ ಭಾವ?" ಭಾಮೈದ ಕಿಟಕಿಯಿಂದ ಕೇಳಿದ. "ಮುದ್ದು ಮಾಡಿದ್ದು ಸಾಕು, ಬಿಡಿ!"

ವಿಮಾನ ಓಡಿ, ಮೇಲೆದ್ದು, ಮರದ ಸಾಲಿನ ಆಚೆ ತಿರುಗಿತು. ಎಂಜಿನ್ನಿನ ಸದ್ದು ಒಂದೇ ಸಮನಿತ್ತು. ಮೇಸ್ತ್ರಿ ಶೆಡ್ಡಿನ ಮುಂದೆ ನಿಂತು ಅದನ್ನು ಆಲಿಸಿದ. ಒಂದು ಸುತ್ತು ಮುಗಿಸಿ ವಿಮಾನ ಮೈದಾನದ ಮೇಲೆ ಬಂತು. ಬಿಳಿ ರೆಕ್ಕೆಯ ಅಡಿಭಾಗದಲ್ಲಿ ಹೊಲಿಗೆಯ ಸಾಲುಗಳು ಬಿಸಿಲಿಗೆ ಎದ್ದು ಕಂಡವು. ಕಿಟಕಿಯಲ್ಲಿ ಒಂದು ಕೈ ಆಡಿತು. ತನಗಾಗಿಯೇ ಆಡಿದ ಕೈ ಎಂದು ಗೊತ್ತಿದ್ದರೂ ಅವನು ತನ್ನ ಕೈ ಎತ್ತಲಿಲ್ಲ.

ಎರಡನೆಯ ಸುತ್ತಿನಲ್ಲಿ, ಮೈದಾನದ ಆಚೆ ಬದಿಗೆ ಹೋದಾಗ, ಎಂಜಿನ್ ಕೆಮ್ಮಿತು.

ಅವನಿಗೂ ಕೆಮ್ಮಿತು!

ಮೇಸ್ತ್ರಿಯ ಮನಸ್ಸಿನಲ್ಲಿ ಮೊದಲು ಬಂದದ್ದು ಇದು. ಸಂತೋಷವೇ ಬಂತು, ಬೇರೆ ಹೆಸರು ಅದಕ್ಕಿಲ್ಲ. ಬಾಯಿ ತಾನಾಗಿಯೇ ಅರ್ಧ ನಕ್ಕಿತು. ಎಂಜಿನ್ ಇನ್ನೊಮ್ಮೆ ಕೆಮ್ಮಿ, ಮತ್ತೊಮ್ಮೆ ಕೆಮ್ಮಿ, ನಿಂತುಹೋಯಿತು. ಸದ್ದಿಲ್ಲದ ಆಕಾಶದಲ್ಲಿ ಬಿಳಿ ರೆಕ್ಕೆಯೊಂದೇ ಉಳಿಯಿತು. ಆಗ ಅವನ ನೆನಪಿಗೆ ಬಂತು ಅದರೊಳಗೆ ಯಾರಿದ್ದಾರೆಂದು.

ಅವನು ಓಡಲು ಶುರು ಮಾಡಿದ. ಓಡುವುದರಿಂದ ಏನೂ ಪ್ರಯೋಜನವಿರಲಿಲ್ಲ. ರೇಡಿಯೊ ಅಜ್ಜ ಕೋಣೆಯಿಂದ ಹೊರಬಂದು, "ಮೂಗು ಇಳಿಸೋ, ಮೂಗು ಇಳಿಸು," ಎಂದು ರೇಡಿಯೊ ಕೈಯಲ್ಲಿಲ್ಲದೆಯೇ ಆಕಾಶಕ್ಕೆ ಹೇಳುತ್ತಿದ್ದ. ವಿಮಾನ ಮೂಗು ಇಳಿಸಿತು. ಒಂದು ರೆಕ್ಕೆ ಬಾಗಿಸಿ ತಿರುಗಿತು. ಮರದ ಸಾಲಿನ ಮೇಲೆ ಬಂದಾಗ ಮರಕ್ಕೂ ಚಕ್ರಕ್ಕೂ ನಡುವೆ ಎಷ್ಟು ಜಾಗವಿತ್ತು ಎಂಬುದನ್ನು ಮೇಸ್ತ್ರಿ ನೋಡಲಿಲ್ಲ. ಆ ಕ್ಷಣ ಕಣ್ಣು ಮುಚ್ಚಿದ್ದ. ಕಣ್ಣು ತೆರೆದಾಗ ವಿಮಾನ ರನ್‌ವೇಯ ನಡುವೆ ಓಡುತ್ತಿತ್ತು. ಪುಟಿಯಲಿಲ್ಲ.

ಅವನು ತಲುಪುವಷ್ಟರಲ್ಲಿ ಹೆಂಡತಿ ಇಳಿದು ನಿಂತಿದ್ದಳು. ತಲೆಗೆ ಕಟ್ಟಿದ ಬಟ್ಟೆ ಕುತ್ತಿಗೆಗೆ ಜಾರಿತ್ತು. ಮುಖ ಬಿಳಿಚಿತ್ತು.

"ಏನಾಯ್ತು? ಪೆಟ್ಟಾಯ್ತಾ?"

"ಏನಿಲ್ಲ. ಯಾಕೆ ಹಾಗೆ ಓಡಿ ಬಂದ್ರಿ? ನಿಮ್ಮ ಉಸಿರು ನೋಡ್ಕೊಳ್ಳಿ ಮೊದ್ಲು." ಅವಳು ರೆಕ್ಕೆಯ ಬಟ್ಟೆಗೆ ಕೈ ಇಟ್ಟಳು. "ಹೊಲಿಗೆ ಒಂದೂ ಬಿಚ್ಚಿಲ್ಲ."

ಮೊದಲ ಸಲ ಭಾಮೈದನ ಬಾಯಿಯಲ್ಲಿ ತಮಾಷೆ ಇರಲಿಲ್ಲ. ಮೇಸ್ತ್ರಿ ಅಭ್ಯಾಸದಂತೆ ಎಂಜಿನ್ನಿನ ಮುಸುಕಿನ ಕಡೆ ಹೋದ. ಭಾಮೈದ ತನ್ನ ಅಭ್ಯಾಸದಂತೆ ಬೇರೆ ಕಡೆ ಹೋದ. ದಾರಿಯಲ್ಲಿ ನಿಂತ ಕಾರಿನಲ್ಲಿ ಮೊದಲು ಪೆಟ್ರೋಲು ಇದೆಯೇ ನೋಡು ಎಂದು ಅವನು ಶಿಷ್ಯರಿಗೆ ಹೇಳಿಕೊಡುವುದು. ಚಕ್ರದ ಮೇಲೆ ಕಾಲಿಟ್ಟು ರೆಕ್ಕೆಯ ಮೇಲಕ್ಕೆ ಎಗರಿ ಮುಚ್ಚಳ ಹಿಡಿದ. ಅದು ಅಲ್ಲಾಡಲಿಲ್ಲ.

"ಯಾರು ಇದನ್ನ ಇಷ್ಟು ಬಿಗಿ ಮಾಡಿದ್ದು?"

ಅವನು ಅಂಗಿಯ ತುದಿಯನ್ನು ಮುಚ್ಚಳಕ್ಕೆ ಸುತ್ತಿ, ಎರಡೂ ಕೈಯಿಂದ ತಿರುಗಿಸಿದ. ಮುಚ್ಚಳ ಸಡಿಲವಾದ ಕೂಡಲೇ ಟ್ಯಾಂಕು ಉಸಿರೆಳೆದುಕೊಂಡಿತು. ಉದ್ದನೆಯ, ದಾಹದ ಉಸಿರು. ಮೂವರೂ ಕೇಳಿಸಿಕೊಂಡರು.

ಮೇಸ್ತ್ರಿಗೆ ಅಷ್ಟೇ ಸಾಕಾಯಿತು. ಟ್ಯಾಂಕಿನಿಂದ ಪೆಟ್ರೋಲು ಇಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಬರದಿದ್ದರೆ ಒಳಗಿನಿಂದಲೇ ಎಳೆತ ಹುಟ್ಟಿ ಪೆಟ್ರೋಲು ನಿಂತುಹೋಗುತ್ತದೆ. ಗಾಳಿಗಾಗಿಯೇ ಮುಚ್ಚಳದ ಮೇಲೆ ಬೆಂಕಿಕಡ್ಡಿ ಗಾತ್ರದ ಕೊಳವೆಯೊಂದನ್ನು ಅವನೇ ಬೆಸೆದಿದ್ದ, ಬಾಯಿ ಮುಂದಕ್ಕೆ ಬಾಗಿಸಿ, ಹಾರುವಾಗ ಎದುರುಗಾಳಿ ಒಳಗೆ ಹೋಗಲೆಂದು. ಅದು ಕಟ್ಟಿಕೊಂಡಿರಬೇಕು, ಎಂಜಿನ್ ಹೊಟ್ಟೆಗಿಲ್ಲದೆ ಕೆಮ್ಮುತ್ತಿತ್ತು. ಭಾಮೈದನ ಸಡಿಲ ಮುಚ್ಚಳದ ಸಂದಿಯಿಂದ ಗಾಳಿ ನುಸುಳುತ್ತಿತ್ತು. ಅವನು ಹಾರಿಸುವಾಗ ಎಂಜಿನ್ ಚಿನ್ನವಾಗಿದ್ದುದು ಅಷ್ಟಕ್ಕೇ. ಇವತ್ತು ಟ್ಯಾಂಕು ಕಂಠಪೂರ್ತಿ ಇದ್ದುದರಿಂದ ಒಳಗೆ ಗಾಳಿಯೇ ಇರಲಿಲ್ಲ, ಎಳೆತ ಬೇಗ ಹುಟ್ಟಿತು. ತಾನು ಹಾರಿಸಿದ ದಿನ ಶೆಡ್ಡಿಗೆ ತಂದು, ಎಂಜಿನ್ ಆರುವುದನ್ನು ಕಾದು, ಪ್ಲಗ್ಗು ನೋಡಿ, ಮುಚ್ಚಳಕ್ಕೆ ಕೈ ಹಾಕುವ ಹೊತ್ತಿಗೆ ಪ್ರತಿ ಸಲವೂ ಟ್ಯಾಂಕು ಸಣ್ಣ ಸಂದುಗಳಿಂದ ಉಸಿರೆಳೆದು ಮುಗಿಸಿರುತ್ತಿತ್ತು.

ಭಾಮೈದ ಮುಚ್ಚಳವನ್ನು ಬಿಸಿಲಿಗೆ ಹಿಡಿದು ಕೊಳವೆಯ ಬಾಯಿ ನೋಡಿದ. ಉಗುರಿನಿಂದ ಕೆರೆದ. ಬಿಳಿ ಪುಡಿ ಉದುರಿತು.

"ಇದೇನಿದು? ಹಲ್ಲುಪುಡಿ ಇದ್ದಂಗಿದೆ."

"ನನ್ನ ಲೇಪ," ಎಂದ ಮೇಸ್ತ್ರಿ. "ಹೊಳಪಿಂದು. ಒಣಗಿ ಗಟ್ಟಿಯಾಗಿದೆ. ಇವತ್ತು ಬಿಗಿ ಮಾಡಿದ್ದೂ ನಾನೇ."

ಹೆಂಡತಿ ಮುಚ್ಚಳವನ್ನು ತಮ್ಮನ ಕೈಯಿಂದ ತೆಗೆದುಕೊಂಡಳು. ಹೊಲಿಗೆಯವಳು, ವಸ್ತುವನ್ನು ಒಳಗು ಹೊರಗು ಎರಡೂ ತಿರುಗಿಸಿ ನೋಡುವವಳು.

"ಮುಚ್ಚಳಕ್ಕೆ ಯಾಕೆ ಲೇಪ ಹಚ್ಚಿದ್ರಿ?"

"ಕಲೆ ಇತ್ತು. ಅವನು ಸಡಿಲ ಬಿಡ್ತಾನಲ್ಲ, ಪೆಟ್ರೋಲು ಸೋರಿ ಕಲೆಯಾಗುತ್ತೆ. ಅದನ್ನ ಒರೆಸ್ತಿದ್ದೆ."

"ಕಲೆ ಹಿಂದ್ಗಡೆ ಬಟ್ಟೆ ಮೇಲಿತ್ತು. ಈ ಕೊಳವೆ ಬಾಯಿ ಮುಂದ್ಗಡೆ ಇದೆ."

ಅವನು ರನ್‌ವೇಯ ಮೇಲಿನ ಬಿಳಿ ಗೆರೆ ನೋಡಿದ. ರೇಡಿಯೊ ಅಜ್ಜ ದೂರದಿಂದ ಏನಾಯಿತೆಂದು ಕೈಯಲ್ಲೇ ಕೇಳುತ್ತಿದ್ದ.

"ಅವನ ಕೈ ಎಲ್ಲೆಲ್ಲಿ ಮುಟ್ಟಿತ್ತೋ, ಅಲ್ಲೆಲ್ಲ ಒರೆಸ್ತಿದ್ದೆ," ಎಂದ.

ಭಾಮೈದ ರೆಕ್ಕೆಯಿಂದ ಕೆಳಗೆ ಹಾರಿದ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ.

"ಭಾವ, ನಾನು ಸ್ನಾನ ಮಾಡೇ ಬರ್ತೀನಿ," ಎಂದ.

ಅಕ್ಕನಿಗೆ ನಗು ಬಂತು. ನಗುತ್ತಾ ಇದ್ದವಳಿಗೆ ಅಳುವೂ ಬಂತು. ಅವಳು ಮುಚ್ಚಳವನ್ನು ಗಂಡನ ಕೈಗೆ ತುರುಕಿದಳು. "ಮರದ ತುದಿ ನನ್ನ ಕಾಲಿಗೆ ತಾಗುತ್ತೆ ಅನ್ಕೊಂಡೆ. ಇವನು ಒಂದೂ ಮಾತಾಡ್ದೆ ಕೂತಿದ್ದ. ಇವನು ಸುಮ್ನಿದ್ದದ್ದು ನೋಡೇ ನನಗೆ ಹೆದರಿಕೆ ಆಗಿದ್ದು." ಮೂಗೊರೆಸಿಕೊಂಡಳು. "ಇನ್ಮೇಲೆ ಆ ಬಟ್ಟೆ ನೀವು ಮುಟ್ಟೋ ಹಾಗಿಲ್ಲ. ಒರೆಸೋ ಕೆಲಸ ಇವನದು."

"ನನ್ನದಾ?" ಎಂದ ತಮ್ಮ.

"ನಿನ್ನದೇ. ಕಲೆ ಮಾಡೋನೂ ನೀನೇ ಅಲ್ವೇನೋ?"

ಮೂವರೂ ಸೇರಿ ವಿಮಾನವನ್ನು ಶೆಡ್ಡಿನವರೆಗೆ ತಳ್ಳಿದರು. ಮೇಸ್ತ್ರಿ ಹಲ್ಲಿನ ಬೇರು ಚುಚ್ಚುವ ತೆಳು ಸೂಜಿಯಿಂದ ಕೊಳವೆ ಬಿಡಿಸಿ, ಬಾಯಿಯಿಂದ ಊದಿ, ಆಚೆ ತುದಿಯಲ್ಲಿ ಗಾಳಿ ಬರುತ್ತದೆಯೇ ಎಂದು ಕೆನ್ನೆಗೆ ಹಿಡಿದು ನೋಡಿದ. ಬಂತು. ಮುಚ್ಚಳಕ್ಕೆ ಹೊಸ ರಬ್ಬರ್ ಬಿಲ್ಲೆ ಹಾಕಿದ. ಒಂದು ತಿರುವಿಗೇ ಸರಿಯಾಗಿ ಕೂರುವಂತೆ, ಸಡಿಲವೂ ಇಲ್ಲದಂತೆ, ಅದರ ಅಂಚನ್ನು ತೀಡಿ ಕೂರಿಸಿದ.

ಮುಂದಿನ ಭಾನುವಾರ ಅವನು ಟ್ಯಾಂಕು ತುಂಬಿಸಿಕೊಂಡು ಒಬ್ಬನೇ ಹೋಗಿ ಒಂದು ಗಂಟೆ ಸುತ್ತಿ ಬಂದ. ಎಂಜಿನ್ ಕೆಮ್ಮಲಿಲ್ಲ. ಆಮೇಲೆ ಹೆಂಡತಿ ಹತ್ತಿ ಕೂತಳು. ಕಳೆದ ವಾರದ್ದು ಲೆಕ್ಕಕ್ಕಿಲ್ಲ, ಇದೇ ಮೊದಲನೆಯದು ಎಂದು ಅವಳೇ ಹೇಳಿದಳು. ಅವನು ಹೌದು ಎಂದ. ಮೇಲೆ ಹೋದಾಗ ಅವಳು ರೆಕ್ಕೆ ನೋಡಿದಳು, ಮನೆಗಳ ಮಾಡು ನೋಡಿದಳು, ತನ್ನ ಹೊಲಿಗೆಯ ಒಂದು ಸಾಲು ಸೊಟ್ಟಗಿದೆ ಎಂದು ಕಂಡುಹಿಡಿದಳು. ಇಳಿಯುವಾಗ ವಿಮಾನ ಒಮ್ಮೆ ಪುಟಿಯಿತು.

"ಚೆನ್ನಾಗಿತ್ತು," ಎಂದಳು ಬೆಲ್ಟು ಬಿಚ್ಚುತ್ತಾ. "ಇಳಿಸೋದು ಮಾತ್ರ ಅವನ ಹತ್ರ ಒಂಚೂರು ಹೇಳಿಸ್ಕೊಳ್ಳಿ."

ಮೇಸ್ತ್ರಿ ಥ್ರಾಟಲಿನ ಮೇಲಿಂದ ಕೈ ತೆಗೆದು, ಇಳಿದು ಬಂದು, ಅವಳ ಕಡೆಯ ಬಾಗಿಲು ತೆಗೆದ.

ಸಂಜೆ ಭಾಮೈದ ಒಂದು ಸುತ್ತು ಹಾರಿಸಿ ಬಂದು ವಿಮಾನ ಒರೆಸಿದ. ಹಾಡು ಹೇಳಿಕೊಂಡು, ಅರೆಬರೆ ಒರೆಸಿದ. ಮುಚ್ಚಳದ ಮೇಲೆ ಅವನ ನಾಲ್ಕೂ ಬೆರಳಿನ ಗುರುತು ಹಾಗೇ ಉಳಿದಿತ್ತು. ಮೇಸ್ತ್ರಿ ಸ್ಟೂಲ್ ಹತ್ತಿ ಅದನ್ನು ನೋಡಿದ, ಇಳಿದು ಸ್ಟೂಲನ್ನು ಗೋಡೆಗೆ ಸರಿಸಿದ, ಶೆಡ್ಡಿಗೆ ಬೀಗ ಹಾಕಿದ.